ಎಳೆಯೋದು ಬೇರೆ, ಹೊರೋದು ಬೇರೆ: ಪಿಕಪ್ ಟ್ರಕ್ಕಿಗೆ ತಕ್ಕ ಟ್ರೇಲರ್ ಆರಿಸುವ ಲೆಕ್ಕ

ಈ ಸಲದ ಲೇಖನಕ್ಕೆ ವಿಷಯ ಸಿಕ್ಕಿದ್ದು ಒಂದು ವಾಟ್ಸಾಪ್ ಫೋಟೋದಿಂದ. ನಾವು ಮೂರು ಜನ ರೂಮ್‌ಮೇಟ್‌ಗಳು, ಮೂವರೂ ಮೆಕ್ಯಾನಿಕಲ್, ಎರಡನೇ ವರ್ಷ. ನಮ್ಮಲ್ಲಿ ಒಬ್ಬನ ಅಣ್ಣ ಅಮೆರಿಕದ ಡೆನ್ವರ್‌ನಲ್ಲಿ ಇದ್ದಾರೆ. ಬರುವ ಬೇಸಿಗೆಯಲ್ಲಿ ಅಪ್ಪ-ಅಮ್ಮ ಹಾಸನದಿಂದ ಅಲ್ಲಿಗೆ ಹೋಗ್ತಾರೆ. ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು, ಅಪ್ಪ-ಅಮ್ಮ, ಒಟ್ಟು ಆರು ಜನ ಯೆಲ್ಲೋಸ್ಟೋನ್ ನೋಡೋಕೆ ಹೋಗೋ ಪ್ಲಾನ್. ಅದಕ್ಕಾಗಿ ಅಣ್ಣ ಒಂದು ಟ್ರಾವೆಲ್ ಟ್ರೇಲರ್ ನೋಡಿಟ್ಟು ಅದರ ಫೋಟೋ ಕಳಿಸಿದ್ದರು.

ಟ್ರಾವೆಲ್ ಟ್ರೇಲರ್ ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಹಾಸಿಗೆ, ಅಡುಗೆ ಕಟ್ಟೆ, ಬಾತ್‌ರೂಮ್ ಎಲ್ಲಾ ಇರುತ್ತೆ, ಎಂಜಿನ್ ಮಾತ್ರ ಇರಲ್ಲ. ಅದನ್ನ ಪಿಕಪ್ ಟ್ರಕ್ ಎಳೆಯಬೇಕು. ಅಲ್ಲಿ ಪಿಕಪ್ ಅಂದರೆ ನಮ್ಮ ತರಕಾರಿ ಗಾಡಿ ಥರ ಅಲ್ಲ. ಮುಂದೆ ಐದಾರು ಜನ ಕೂರುವ ಕ್ಯಾಬಿನ್, ಹಿಂದೆ ಸಾಮಾನು ತುಂಬುವ ತೆರೆದ ಜಾಗ ಇರುವ ಫ್ಯಾಮಿಲಿ ಗಾಡಿ. ಆ ತೆರೆದ ಜಾಗಕ್ಕೆ ಬೆಡ್ ಅಂತಾರೆ.

ಅಂಗಡಿಯವನು ಅಣ್ಣನಿಗೆ ಹೇಳಿದ್ದು ಇಷ್ಟೇ: “ನಿಮ್ಮ ಟ್ರಕ್ 11,000 ಪೌಂಡ್ ಎಳೆಯುತ್ತೆ. ಈ ಟ್ರೇಲರ್ ಬರೀ 5,800 ಪೌಂಡ್. ಆರಾಮಾಗಿ ಹೋಗಿ ಬನ್ನಿ.” ಕೇಳೋಕೆ ಸರಿಯಾಗೇ ಇದೆ. ಅರ್ಧದಷ್ಟು ತೂಕ, ಇನ್ನೇನು ತೊಂದರೆ? ನಾವೂ ಹಾಗೇ ಅಂದುಕೊಂಡಿದ್ದೆವು. ಆಮೇಲೆ ಲೆಕ್ಕ ಮಾಡಿದೆವು. (1 ಕೆಜಿ ಅಂದರೆ ಸುಮಾರು 2.2 ಪೌಂಡ್. ಅಲ್ಲಿನ ಸ್ಟಿಕ್ಕರ್‌ಗಳೆಲ್ಲ ಪೌಂಡ್‌ನಲ್ಲಿ ಇರೋದರಿಂದ ನಾವೂ ಅದನ್ನೇ ಬಳಸಿದ್ದೇವೆ.)

1. 11,000 ಎಲ್ಲಿಂದ ಬಂತು?

ಈ ಸಂಖ್ಯೆ ಸುಳ್ಳಲ್ಲ. ಟ್ರಕ್ ಎಷ್ಟು ಎಳೆಯಬಹುದು ಅಂತ ತೀರ್ಮಾನಿಸೋಕೆ ಅಮೆರಿಕದಲ್ಲಿ ಎಸ್‌ಎಇ ಜೆ2807 ಅನ್ನೋ ಮಾನದಂಡ ಇದೆ. ಅದರ ಒಂದು ಪರೀಕ್ಷೆ ಆರಿಜೋನಾದ ಡೇವಿಸ್ ಡ್ಯಾಮ್ ಏರಿನದು. ಸುಮಾರು 18 ಕಿ.ಮೀ. ಉದ್ದದ ಏರು, ಮರುಭೂಮಿ ಬಿಸಿಲು, ಎಸಿ ಫುಲ್. ಟ್ರೇಲರ್ ಎಳೆದುಕೊಂಡು ಸಾಮಾನ್ಯ ಪಿಕಪ್ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು.

ಆದರೆ ಆ ಮಾನದಂಡದ ಪ್ರಕಾರ ಟ್ರಕ್ಕಿನೊಳಗೆ ಇರೋದು ಇಬ್ಬರೇ, ಡ್ರೈವರ್ ಮತ್ತು ಪಕ್ಕದಲ್ಲಿ ಒಬ್ಬರು. ತಲಾ 150 ಪೌಂಡ್, ಅಂದರೆ 68 ಕೆಜಿ. ಮಕ್ಕಳಿಲ್ಲ, ಅಪ್ಪ-ಅಮ್ಮ ಇಲ್ಲ, ಚಕ್ಕುಲಿ ಡಬ್ಬ ಇಲ್ಲ. ನಮ್ಮ ಲೆಕ್ಕ ತಪ್ಪಿದ್ದು ಇಲ್ಲೇ.

2. ಮೂಕಿ ಭಾರ

ಎತ್ತಿನ ಗಾಡಿಗೆ ಹುಲ್ಲು ತುಂಬೋದನ್ನ ನೋಡಿದವರಿಗೆ ಇದು ಗೊತ್ತಿರುತ್ತೆ. ಹಿಂದೆ ಜಾಸ್ತಿ ತುಂಬಿದರೆ ಮೂಕಿ ಮೇಲೇಳುತ್ತೆ, ಮುಂದೆ ಜಾಸ್ತಿ ತುಂಬಿದರೆ ಎತ್ತಿನ ಕತ್ತಿನ ಮೇಲೆ ಭಾರ ಬೀಳುತ್ತೆ. ಟ್ರೇಲರ್ ಕೂಡ ಅಷ್ಟೇ. ಅದರ ಹೆಚ್ಚಿನ ತೂಕವನ್ನ ಅದರದೇ ಚಕ್ರಗಳು ಹೊರುತ್ತವೆ. ಉಳಿದ ಸ್ವಲ್ಪ ಭಾಗ ಟ್ರಕ್ಕಿನ ಹಿಂದಿರುವ ಕೊಂಡಿಯ, ಅಂದರೆ ಹಿಚ್‌ನ, ಮೇಲೆ ಕೂರುತ್ತೆ. ಅಲ್ಲಿ ಇದಕ್ಕೆ ಟಂಗ್ ವೇಟ್ ಅಂತಾರೆ. ನಾವು ಮೂಕಿ ಭಾರ ಅನ್ನೋಣ.

ಟ್ರೇಲರಿನ ಒಟ್ಟು ತೂಕದಲ್ಲಿ ಮೂಕಿ ಭಾರ ಶೇ. 10ರಿಂದ 15ರಷ್ಟು ಇರಬೇಕು. ಇದನ್ನ ಕಡಿಮೆ ಮಾಡಿ ಟ್ರಕ್ಕಿಗೆ ಹಗುರ ಮಾಡೋಣ ಅಂತ ಯಾರಿಗಾದರೂ ಅನ್ನಿಸಬಹುದು, ನಮಗೂ ಅನ್ನಿಸಿತು. ಹಾಗೆ ಮಾಡಬಾರದು. ತೂಕ ಆಕ್ಸಲ್‌ನ ಹಿಂದೆ ಹೋದರೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ಮುಂದೆ ಭಾರ ಇದ್ದಾಗ ಒಂದು ಸಲ ಅಲುಗಾಡಿದರೂ ತಾನಾಗೇ ಸರಿಹೋಗುತ್ತೆ. ಹಿಂದೆ ಭಾರ ಇದ್ದರೆ ಒಂದು ವೇಗ ದಾಟಿದ ಮೇಲೆ ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದಾಗುತ್ತೆ. ವೈಬ್ರೇಶನ್ಸ್ ಪಾಠದ ಭಾಷೆಯಲ್ಲಿ ಡ್ಯಾಂಪಿಂಗ್ ನೆಗೆಟಿವ್ ಆದ ಹಾಗೆ. ಕೊನೆಗೆ ಟ್ರೇಲರ್ ಟ್ರಕ್ಕನ್ನೂ ಎಳೆದುಕೊಂಡು ಮಗುಚುತ್ತೆ. ಅಣ್ಣ ಹೋಗಬೇಕಾದ ದಾರಿ ವಯೋಮಿಂಗ್ ಮೇಲೆ. ಅಲ್ಲಿನ ಹೈವೇಗಳಲ್ಲಿ ಬೀಸುವ ಅಡ್ಡಗಾಳಿಗೆ ಎತ್ತರದ, ಹಗುರ ಗಾಡಿಗಳನ್ನ ತಡೆದು ನಿಲ್ಲಿಸೋದೂ ಉಂಟು. ಆದ್ದರಿಂದ ನಾವು ಶೇ. 13 ಅಂತ ಇಟ್ಟುಕೊಂಡೆವು.

3. ಬಾಗಿಲ ಬಳಿಯ ಹಳದಿ ಸ್ಟಿಕ್ಕರ್

ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕ್ಕರ್ ಇರುತ್ತೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತೆ. ಇದೇ ಪೇಲೋಡ್. ಜಾಹೀರಾತಿನ ಸಂಖ್ಯೆ ಆ ಮಾಡೆಲ್‌ಗೆಲ್ಲ ಸೇರಿದ್ದು. ಈ ಸ್ಟಿಕ್ಕರ್ ನಿಮ್ಮ ಗಾಡಿಯೊಂದಕ್ಕೇ ಸೇರಿದ್ದು. ಸನ್‌ರೂಫ್, ದೊಡ್ಡ ಸೀಟು, ಫೋರ್ ವೀಲ್ ಡ್ರೈವ್ ಜಾಸ್ತಿ ಆದಷ್ಟೂ ಈ ಸಂಖ್ಯೆ ಕೆಳಗಿಳಿಯುತ್ತೆ.

ಮೂಕಿ ಭಾರವನ್ನೂ ಈ ಪೇಲೋಡ್‌ನಲ್ಲೇ ಎಣಿಸಬೇಕು. ಟ್ರೇಲರ್ ಎಳೆಯೋದು ಎಂಜಿನ್. ಮೂಕಿ ಹೊರೋದು ಸ್ಪ್ರಿಂಗ್, ಆಕ್ಸಲ್, ಟೈರ್. ಎಂಜಿನ್‌ಗೆ ಶಕ್ತಿ ಇದ್ದ ಮಾತ್ರಕ್ಕೆ ಟೈರ್‌ಗೆ ಇರಬೇಕು ಅಂತೇನೂ ಇಲ್ಲ.

ಅಣ್ಣನಿಗೆ ಫೋನ್ ಮಾಡಿ ಸ್ಟಿಕ್ಕರ್ ಫೋಟೋ ಕಳಿಸಿ ಅಂದೆವು. ಬಂದ ಸಂಖ್ಯೆ 1,560 ಪೌಂಡ್.

4. ಲೆಕ್ಕ

ಟ್ರಕ್ಕಿನ ಮೇಲಿನ ಭಾರ (ಪೌಂಡ್‌ನಲ್ಲಿ):

- ಅಣ್ಣ 180, ಅತ್ತಿಗೆ 140
- ಇಬ್ಬರು ಮಕ್ಕಳು 110
- ಅಪ್ಪ 160, ಅಮ್ಮ 140
- ಬೆಡ್‌ನಲ್ಲಿ ಕೂಲರ್, ಕುರ್ಚಿ, ಜನರೇಟರ್ ಇತ್ಯಾದಿ 150
- ಭಾರ ಹಂಚುವ ಹಿಚ್ 100
- ಒಟ್ಟು 980

ಮೂಕಿಗೆ ಉಳಿದದ್ದು: 1,560 − 980 = 580 ಪೌಂಡ್.

ಈಗ ಟ್ರೇಲರ್. ಅಂಗಡಿಯವನು ಹೇಳಿದ 5,800 ಖಾಲಿ ತೂಕ. ಖಾಲಿ ಟ್ರೇಲರ್ ತಗೊಂಡು ಯಾರೂ ಟ್ರಿಪ್ ಹೋಗಲ್ಲ. ಒಂದು ಗ್ಯಾಲನ್ ನೀರು 8.34 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ ಸುಮಾರು 334. ಗ್ಯಾಸ್ ಸಿಲಿಂಡರ್, ಬ್ಯಾಟರಿ 120. ಬಟ್ಟೆ, ಪಾತ್ರೆ, ಹೊದಿಕೆ, ಆರು ಜನರ ಊಟದ ಸಾಮಾನು ಸುಮಾರು 700. ಎಲ್ಲಾ ಸೇರಿ ಹತ್ತಿರ ಹತ್ತಿರ 6,950 ಪೌಂಡ್, ಅಂದರೆ ಮೂರು ಟನ್‌ಗಿಂತ ಜಾಸ್ತಿ.

ಮೂಕಿ ಭಾರ: 6,950 × 0.13 ≈ 903 ಪೌಂಡ್.

ಇರೋ ಜಾಗ 580, ಬೇಕಾಗಿರೋದು 903. 323 ಪೌಂಡ್ ಮೀರಿತು. ಶೇ. 10 ಅಂತ ಹಿಡಿದರೂ 695, ಆಗಲೂ ಮೀರುತ್ತೆ. 11,000 ಎಳೆಯುವ ಟ್ರಕ್ಕಿಗೆ 6,950 ಆಗಲಿಲ್ಲ.

ಹಾಗಾದರೆ ಎಷ್ಟು ಆಗುತ್ತೆ? ಉಲ್ಟಾ ಲೆಕ್ಕ ಹಾಕಿ: 580 ÷ 0.13 ≈ 4,460. ತುಂಬಿದ ಟ್ರೇಲರ್ ಇದಕ್ಕಿಂತ ಕಡಿಮೆ ಇರಬೇಕು.

5. ಮೀರಿದರೆ ಏನಾಗುತ್ತೆ? ಮೊಮೆಂಟ್ ತಗೊಳ್ಳಿ

ಮೊದಲ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಯಾಕೆ ಓದ್ತೀವಿ ಅಂತ ಕೇಳೋರಿಗೆ ಇಲ್ಲಿದೆ ಉತ್ತರ. ಟ್ರಕ್ಕಿನ ವೀಲ್‌ಬೇಸ್ 12 ಅಡಿ, ಹಿಂದಿನ ಆಕ್ಸಲ್‌ನಿಂದ ಹಿಚ್ 4 ಅಡಿ ಹಿಂದೆ ಅಂತ ಇಟ್ಟುಕೊಳ್ಳಿ. ಮೂಕಿ ಭಾರ 900. ಮುಂದಿನ ಆಕ್ಸಲ್ ಸುತ್ತ ಮೊಮೆಂಟ್ ತಗೊಂಡರೆ ಹಿಂದಿನ ಆಕ್ಸಲ್ ಮೇಲೆ ಹೆಚ್ಚುವ ಭಾರ 900 × 16 ÷ 12 = 1,200. ಮುಂದಿನ ಆಕ್ಸಲ್ ಮೇಲೆ 900 − 1,200 = −300. ಅಂದರೆ ಮುಂದಿನ ಚಕ್ರಗಳಿಂದ 300 ಪೌಂಡ್ ಎದ್ದು ಹೋಯಿತು.

ಕಬ್ಬು ತುಂಬಿದ ಟ್ರ್ಯಾಕ್ಟರ್ ಏರಿನಲ್ಲಿ ಮೂತಿ ಎತ್ತೋದನ್ನ ಮಂಡ್ಯದ ಕಡೆಯ ಫ್ರೆಂಡ್ಸ್ ನೋಡಿರ್ತಾರೆ. ಅದರ ಸಣ್ಣ ರೂಪ ಇದು. ಸ್ಟೀರಿಂಗ್ ತಿರುಗಿಸೋದು ಮುಂದಿನ ಚಕ್ರ, ಬ್ರೇಕ್ ಹಿಡಿಯುವಾಗ ಹೆಚ್ಚು ಕೆಲಸ ಮಾಡೋದೂ ಅದೇ. ಅಲ್ಲೇ ಹಿಡಿತ ಕಡಿಮೆ ಆಗುತ್ತೆ.

ಭಾರ ಹಂಚುವ ಹಿಚ್ ಇದನ್ನ ಸ್ವಲ್ಪ ಸರಿಮಾಡುತ್ತೆ. ಸ್ಪ್ರಿಂಗ್ ಬಾರ್‌ಗಳ ಬಲದಿಂದ ಮುಂದಿನ ಆಕ್ಸಲ್‌ಗೆ ಭಾರ ವಾಪಸ್ ಕಳಿಸುತ್ತೆ. ಆದರೆ ಅದನ್ನ ಹಾಕಿದ ಕೂಡಲೇ ಬಾಗಿಲಿನ ಸ್ಟಿಕ್ಕರ್ ಬದಲಾಗಲ್ಲ. ಹಿಂದಿನ ಸ್ಪ್ರಿಂಗ್‌ಗೆ ಏರ್‌ಬ್ಯಾಗ್ ಹಾಕಿಸಿದರೂ ಅಷ್ಟೇ: ಗಾಡಿ ನೆಟ್ಟಗೆ ಕಾಣುತ್ತೆ, ಮಿತಿ ಅದೇ ಇರುತ್ತೆ.

6. ಇನ್ನೂ ನೋಡಬೇಕಾದ್ದು

- ಹಿಚ್‌ಗೂ ತನ್ನದೇ ಸ್ಟಿಕ್ಕರ್ ಇದೆ. ಎಲ್ಲಾ ಮಿತಿಗಳಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.
- ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್, ಟ್ರಕ್ಕಿನಲ್ಲಿ ಅದರ ಕಂಟ್ರೋಲರ್ ಇರಲೇಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ ಎಂಜಿನ್ ಬ್ರೇಕಿಂಗ್ ಬಳಸಬೇಕು.
- ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಮೇಲಿದೆ. ಗಾಳಿ ತೆಳುವಾದಷ್ಟೂ ಎಂಜಿನ್ ಶಕ್ತಿ ಇಳಿಯುತ್ತೆ. ಟರ್ಬೊ ಇದ್ದರೆ ಈ ನಷ್ಟ ಕಡಿಮೆ.
- ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ. 55 ಮೈಲಿಯಿಂದ 65ಕ್ಕೆ ಹೋದರೆ ಸುಮಾರು ಶೇ. 40 ಜಾಸ್ತಿ. ನಿಧಾನ ಹೋದರೆ ಪೆಟ್ರೋಲೂ ಉಳಿಯುತ್ತೆ, ಓಲಾಟವೂ ಕಡಿಮೆ.
- ಹೊರಡೋ ಮುಂಚೆ ನಿಜವಾಗಿ ತೂಗಿ. ಅಮೆರಿಕದ ಹೈವೇ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನೋ ತೂಕದ ಕಟ್ಟೆಗಳಿವೆ. ಪ್ರತಿ ಆಕ್ಸಲ್‌ನ ತೂಕ ಬೇರೆ ಬೇರೆ ಬರುತ್ತೆ. ಟ್ರಕ್ ಒಂದನ್ನೇ ಒಮ್ಮೆ, ಟ್ರೇಲರ್ ಸಿಕ್ಕಿಸಿ ಭಾರ ಹಂಚುವ ಬಾರ್ ಬಿಗಿಯದೆ ಇನ್ನೊಮ್ಮೆ ತೂಗಿ. ಟ್ರಕ್ಕಿನ ಎರಡು ಆಕ್ಸಲ್‌ಗಳ ಮೇಲೆ ಎಷ್ಟು ಹೆಚ್ಚಿತೋ ಅದೇ ಮೂಕಿ ಭಾರ.

7. ಕೊನೆಗೆ ಏನಾಯ್ತು?

ಈ ಲೆಕ್ಕವನ್ನ ವಿಡಿಯೊ ಕಾಲ್‌ನಲ್ಲಿ ಅಣ್ಣನಿಗೆ ತೋರಿಸಿದೆವು. ಹಾಸನದಿಂದ ಅಪ್ಪ-ಅಮ್ಮನೂ ಕಾಲ್‌ನಲ್ಲಿ ಇದ್ದರು. ಎಲ್ಲಾ ಕೇಳಿಸಿಕೊಂಡು ಅಮ್ಮ, “ಹಂಗಾದ್ರೆ ನಮ್ಮಿಬ್ಬರಿಂದ ನಿಮಗೆ ಭಾರ ಆಯ್ತಲ್ಲಪ್ಪ. ನೀವು ನಾಲ್ಕು ಜನ ಹೋಗ್ಬನ್ನಿ, ನಾವು ಮನೇಲೇ ಇರ್ತೀವಿ” ಅಂದುಬಿಟ್ಟರು. ಪಟ್ಟಿಯಲ್ಲಿ ಅವರ ತೂಕ ಬರೆದವರು ನಾವೇ. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಆಮೇಲೆ ಅವರಿಬ್ಬರನ್ನ ಬಿಟ್ಟು ಲೆಕ್ಕ ಹಾಕಿದೆವು. 580 + 300 = 880. ಬೇಕಾಗಿರೋದು 903. ಆಗಲೂ 23 ಪೌಂಡ್ ಮೀರುತ್ತೆ! “ಅಮ್ಮ, ನೀವು ಬರದಿದ್ರೂ ಆ ಟ್ರೇಲರ್ ಆಗ್ತಿರಲಿಲ್ಲ. ದೊಡ್ಡದಾಗಿರೋದು ಟ್ರೇಲರ್, ನೀವಲ್ಲ” ಅಂತ ನಮ್ಮ ರೂಮ್‌ಮೇಟ್ ಹೇಳಿದ. ಅಮ್ಮ ನಕ್ಕರು.

ಈಗ ಅಣ್ಣ ನೋಡಿರೋದು ಪೂರ್ತಿ ತುಂಬಿದರೂ 3,900 ಪೌಂಡ್ ಮೀರಬಾರದ ಟ್ರೇಲರ್. ಶೇ. 13ರಲ್ಲಿ ಮೂಕಿ ಭಾರ 507. ಶೇ. 15 ಆದರೆ 585, ಅಂದರೆ 5 ಪೌಂಡ್ ಜಾಸ್ತಿ. ಅದಕ್ಕೇ ಜನರೇಟರ್ ಬಿಟ್ಟು ಬೆಡ್‌ನ ಸಾಮಾನನ್ನ 100ಕ್ಕೆ ಇಳಿಸಿದ್ದಾರೆ. ನೀರಿನ ಟ್ಯಾಂಕನ್ನ ಕ್ಯಾಂಪ್ ಜಾಗಕ್ಕೆ ಹೋದ ಮೇಲೆ ತುಂಬಿಸ್ತಾರೆ. ಒಳಗೆ ಮಲಗೋಕೆ ನಾಲ್ಕು ಜನಕ್ಕೆ ಜಾಗ: ಅಪ್ಪ-ಅಮ್ಮ ಮತ್ತು ಮಕ್ಕಳು. ಅಣ್ಣ-ಅತ್ತಿಗೆಗೆ ಹೊರಗೆ ಟೆಂಟ್. ಟೆಂಟಿನ ತೂಕವೂ ಆ 100ರಲ್ಲೇ ಸೇರಿದೆ.

ಮನೆಗೆಲಸ: ಒಂದು ಟ್ರಕ್ಕಿನ ಪೇಲೋಡ್ 1,800 ಪೌಂಡ್. ನಾಲ್ಕು ಜನರ ತೂಕ 560, ಸಾಮಾನು 200, ಹಿಚ್ 100. ಮೂಕಿ ಭಾರ ಶೇ. 13 ಅಂತ ಹಿಡಿದರೆ ತುಂಬಿದ ಟ್ರೇಲರ್ ಎಷ್ಟು ಇರಬಹುದು? ಉತ್ತರ 7,200 ಆಸುಪಾಸು ಬಂದರೆ ನಿಮ್ಮ ಲೆಕ್ಕ ಸರಿ. ಬರದಿದ್ದರೆ ಸಂಜೆ ನಮ್ಮ ರೂಮಿಗೆ ಬನ್ನಿ. ಅಮ್ಮ ಕಳಿಸಿದ ಚಕ್ಕುಲಿ ಇನ್ನೂ ಇದೆ.