ಒಂದೇ ಅಲೆಯ ಮೇಲೆ ಎರಡು ದನಿ

ಕೊಡೈಕಾನಲ್ ಬೆಟ್ಟದ ಮೇಲಿರುವ ಆಕಾಶವಾಣಿಯ ಎಫ್.ಎಂ. ಕೇಂದ್ರವು ಕೆಳಗಿನ ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಗಳಿಗೆ ಕೇಳಿಸುತ್ತದೆ. ಎಫ್.ಎಂ. ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗತಕ್ಕವು. ಆದುದರಿಂದ 2000 ಮೀಟರಿಗೂ ಮಿಗಿಲಾದ ಆ ಎತ್ತರವೇ ಅವಕ್ಕೆ ದೊಡ್ಡ ಅನುಕೂಲ. ಮಧ್ಯಮತರಂಗದ ಎ.ಎಂ. ಅಲೆಗಳಾದರೋ ನೆಲವನ್ನು ಅನುಸರಿಸಿ ಬಾಗಿ ಬರುತ್ತವೆ. ಎಡ ಬಲ ದನಿಗಳನ್ನು ಬೇರೆಬೇರೆಯಾಗಿ ಕೇಳಿಸುವ ಸ್ಟೀರಿಯೋ ಪದ್ಧತಿಗೆ ಎಫ್.ಎಂ.ನಲ್ಲಿ ಅಮೆರಿಕವು 1961ರಲ್ಲಿಯೇ ಒಪ್ಪಿಗೆಯಿತ್ತಿತು. ಎ.ಎಂ. ಅಲೆಗೂ ಇದು ಸಾಧ್ಯವೆ? ಮನೆಯಲ್ಲಿ ಕಟ್ಟಿ ನೋಡಬಹುದೆ?

ಆಕಾಶವಾಣಿ ಎಂಬ ಹೆಸರಿನ ಹಿಂದೆಯೇ ಒಂದು ಮನೆಯ ಪ್ರೇಷಕವಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ 30 ವ್ಯಾಟಿನ ಯಂತ್ರದಿಂದ ಪ್ರಸಾರ ಆರಂಭಿಸಿದರು. ಆ ಕೇಂದ್ರದ ಹೆಸರು ಆಕಾಶವಾಣಿ. 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು; 1950ರ ದಶಕದಲ್ಲಿ ಅಖಿಲ ಭಾರತ ರೇಡಿಯೋ ಅದೇ ಹೆಸರನ್ನು ತಾಳಿತು. ಮೂವತ್ತು ವ್ಯಾಟೆಂದರೆ ಒಂದು ಸಣ್ಣ ದೀಪದ ಶಕ್ತಿಯಷ್ಟೆ!

ಇಂದು ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಶಕ್ತಿ ಅಲ್ಪವೆಂಬುದು ನೆಪವಾಗದು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಕಟ್ಟಿ ಹವ್ಯಾಸಿ ರೇಡಿಯೋ ಪರವಾನಗಿ ಪಡೆಯಬಹುದು. ಆದರೆ ಅದರಲ್ಲಿಯೂ ಸಂಗೀತ ಪ್ರಸಾರಕ್ಕೆ ಅವಕಾಶವಿಲ್ಲ. ಆದಕಾರಣ ನಮ್ಮ ಪ್ರಯೋಗದಲ್ಲಿ ಆಂಟೆನಾ ಇರಕೂಡದು.

ಈಗ ತತ್ತ್ವವನ್ನು ನೋಡೋಣ. ಒಂದು ಕ್ಷಣದಲ್ಲಿ ಎಡದ ದನಿ 5, ಬಲದ ದನಿ 3 ಎಂದಿರಲಿ. ಮೊತ್ತ 8, ವ್ಯತ್ಯಾಸ 2. ಇವೆರಡನ್ನು ಕೂಡಿಸಿ ಅರ್ಧಮಾಡಿದರೆ 5, ಕಳೆದು ಅರ್ಧಮಾಡಿದರೆ 3. ಮೊತ್ತ, ವ್ಯತ್ಯಾಸಗಳನ್ನು ಕಳುಹಿಸಿದರೆ ಎಡ ಬಲಗಳು ಮರಳಿ ದೊರೆಯುವುವು. ಆದರೆ ಒಂದೇ ಅಲೆ ಎರಡನ್ನು ಹೊರುವುದೆಂತು? ತಾಳ ಹಾಕುವವನು ಪೆಟ್ಟಿನ ಬಲವನ್ನು ಹೆಚ್ಚುಕಡಿಮೆ ಮಾಡಬಲ್ಲನು. ಪೆಟ್ಟು ಬೀಳುವ ಗಳಿಗೆಯನ್ನು ತುಸು ಹಿಂದು ಮುಂದಾಗಿಯೂ ಸರಿಸಬಲ್ಲನು. ಅಲೆಯ ಬಲದಲ್ಲಿ ಮೊತ್ತವನ್ನೂ ಗಳಿಗೆಯಲ್ಲಿ ವ್ಯತ್ಯಾಸವನ್ನೂ ಇಡುವುದೇ ಮೋಟೊರೋಲಾ ಕಂಪನಿಯ ಸಿ-ಕ್ವಾಮ್ ಪದ್ಧತಿ. 1993ರಲ್ಲಿ ಅಮೆರಿಕ ಇದನ್ನೇ ಪ್ರಮಾಣವೆಂದು ಅಂಗೀಕರಿಸಿತು. ಸಾಮಾನ್ಯ ರೇಡಿಯೋ ಬಲವನ್ನು ಮಾತ್ರ ಅರಿಯುವುದರಿಂದ ಅದಕ್ಕೆ ಮೊತ್ತವು ಕೇಳಿಸುವುದು. ಹಳೆಯ ಪೆಟ್ಟಿಗೆಗಳು ಕೆಲಸಕ್ಕೆ ಬಾರದಂತಾಗಲಿಲ್ಲ.

ಕಟ್ಟುವಾಗ 4 ಮೆಗಾಹರ್ಟ್ಸಿನ ಹರಳಿನ ಆಂದೋಲಕವನ್ನು ಎರಡು ಫ್ಲಿಪ್-ಫ್ಲಾಪ್‌ಗಳಿಂದ ನಾಲ್ಕಾಗಿ ಭಾಗಿಸಿರಿ. ಕಾಲು ಆವರ್ತದ ಅಂತರವುಳ್ಳ 1000 ಕಿಲೋಹರ್ಟ್ಸಿನ ಎರಡು ಅಲೆಗಳು ದೊರೆಯುತ್ತವೆ. ಮೊದಲನೆಯದರ ಮೇಲೆ ಮೊತ್ತವನ್ನು ಹೇರಬೇಕು. ಎರಡನೆಯದನ್ನು ವ್ಯತ್ಯಾಸದಿಂದ ಗುಣಿಸಬೇಕು. ವ್ಯತ್ಯಾಸ ಸೊನ್ನೆಯಾದಾಗ ಅದು ಪೂರ್ತಿ ಅಡಗಿರಬೇಕು. ಇವೆರಡನ್ನು ಸೇರಿಸಿ, ಬಂದ ಅಲೆಯ ಏರಿಳಿತವನ್ನು ಮಿತಿಕಾರಕ ಮಂಡಲದಿಂದ ಕತ್ತರಿಸಿ, ಪುನಃ ಮೊತ್ತದಿಂದಲೇ ಏರಿಳಿಸಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಸಾಮಾನ್ಯ ರೇಡಿಯೋದಲ್ಲಿ ದನಿ ಕೆಡುತ್ತದೆ. ಹೊರಬಂದ ಶಕ್ತಿಯನ್ನು ಆಂಟೆನಾಕ್ಕೆ ಬದಲು ಲೋಹದ ಡಬ್ಬಿಯೊಳಗಿನ 50 ಓಮ್ ರೋಧಕಕ್ಕೆ ಕೊಡಿರಿ. ಅಲೆಯುದ್ದ 300 ಮೀಟರಾದ್ದರಿಂದ ಕಾಲಲೆಯ ಕಂಬಕ್ಕೇ 75 ಮೀಟರು ಬೇಕು. ಮೇಜಿನ ಮೇಲಿನ ಗೇಣುದ್ದದ ತಂತಿಗಳಿಂದ ಸೋರುವುದು ಅತ್ಯಲ್ಪ. ಕೈಯಳತೆಯಲ್ಲಿಟ್ಟ ರೇಡಿಯೋಗೆ ಅಷ್ಟೇ ಸಾಕು. ವಿದ್ಯುತ್ತು 9 ವೋಲ್ಟಿನ ಬ್ಯಾಟರಿಯಿಂದಲೇ ಬರಲಿ. ಹಳೆಯ ವಾಲ್ವ್ ಸೆಟ್ಟುಗಳಲ್ಲಿ ನೂರಾರು ವೋಲ್ಟುಗಳಿರುತ್ತವೆ. ತಂದೆತಾಯಿಗಳು ಅವನ್ನು ಮಕ್ಕಳ ಕೈಗೆ ಬಿಚ್ಚಲು ಕೊಡಬಾರದು.

ಸ್ಟೀರಿಯೋ ಗ್ರಾಹಕವಿಲ್ಲವೆಂದು ಚಿಂತಿಸಬೇಡಿರಿ. ಎಡಕ್ಕೂ ಬಲಕ್ಕೂ ಒಂದೇ ಸ್ವರವನ್ನು ಕೊಡಿರಿ. ಸಾಮಾನ್ಯ ರೇಡಿಯೋ ಅದನ್ನು ನುಡಿಯುತ್ತದೆ. ಬಳಿಕ ಬಲದ ಸ್ವರವನ್ನು ತಲೆಕೆಳಗು ಮಾಡಿರಿ. ಮೊತ್ತ ಸೊನ್ನೆಯಾಗಿ ರೇಡಿಯೋ ಮೌನವಾಗುವುದು. ಈಗ ಮುಳ್ಳನ್ನು ಕೇಂದ್ರದಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿರಿ. ಗಳಿಗೆಯಲ್ಲಿ ಅಡಗಿದ್ದ ಸ್ವರ ಸಣ್ಣಗೆ, ತುಸು ಒರಟಾಗಿ ಕೇಳಿಸತೊಡಗುವುದು.