ಪರಿಹಾರದ ಹಣ ಭಾವನ ಖಾತೆಗೆ ಹೋಗಿದೆ

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕು. ನಾಲ್ಕು ಎಕರೆ ಖುಷ್ಕಿ ಹೊಲ. 2025ರ ಸೆಪ್ಟೆಂಬರ್ ಮಳೆಗೆ ತೊಗರಿ ನಿಂತಲ್ಲೇ ಕೊಳೆಯಿತು. ಮಾವ ತೀರಿಕೊಂಡ ಮೇಲೆ ಹಿರಿಯ ಮಗನೆಂದು ಪಹಣಿ ಭಾವನ ಹೆಸರಿಗಾಗಿದೆ. ಅವರು ಬೆಂಗಳೂರಿನಲ್ಲಿದ್ದಾರೆ. ಬಿತ್ತಿದ್ದು, ಸಾಲ ಮಾಡಿದ್ದು ನನ್ನ ಗಂಡ. ಪರಿಹಾರದ ಹಣ ಭಾವನ ಖಾತೆಗೆ ಜಮೆಯಾಗಿದೆಯಂತೆ, ಅವರು ಬಾಯಿ ಬಿಡುತ್ತಿಲ್ಲ. ‘ಅಣ್ಣನನ್ನು ಹೇಗೆ ಕೇಳಲಿ’ ಎಂದು ನನ್ನ ಗಂಡ ಸುಮ್ಮನಿದ್ದಾರೆ. ಊಟ ಸೇರುತ್ತಿಲ್ಲ, ಹೊಲದ ಕಡೆ ಹೋಗುವುದನ್ನೂ ಬಿಟ್ಟಿದ್ದಾರೆ. ನಾನು ಕೇಳಿದರೆ ಮನೆ ಒಡೆದವಳು ಅನ್ನಿಸಿಕೊಳ್ಳುತ್ತೇನೆ.
– ಹೆಸರು ಬೇಡ, ಕಲಬುರಗಿ ಜಿಲ್ಲೆ

ಉತ್ತರ: ತಂಗಿ, ದುಡ್ಡಿನ ಮಾತು ಆಮೇಲೆ. ಊಟ ಬಿಟ್ಟು, ಹೊಲ ಬಿಟ್ಟು ಕೂತ ಮನುಷ್ಯನನ್ನು ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಉಳಿದಿರುವ ಕೀಟನಾಶಕದ ಡಬ್ಬಿಗಳನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಹಣ. ಅದು ನಿಜಕ್ಕೂ ಬಂದಿದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ತಲಾಟಿಯವರ ಬಳಿ ಸರ್ವೆ ನಂಬರು ಹೇಳಿದರೆ ‘ಪರಿಹಾರ’ ತಂತ್ರಾಂಶದಲ್ಲಿ ಯಾರ ಹೆಸರಿಗೆ, ಎಷ್ಟು ಎಂದು ತೋರಿಸುತ್ತಾರೆ. ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಕೇಂದ್ರದ ಮಾನದಂಡ. ಆ ಮಳೆಯ ಬಳಿಕ ರಾಜ್ಯ ಇನ್ನೊಂದು 8,500 ಸೇರಿಸಿ 17,000 ಮಾಡಿತು. ಎರಡು ಹೆಕ್ಟೇರಿನ ಮಿತಿಯೊಳಗೇ ಇರುವ ನಿಮ್ಮ ನಾಲ್ಕು ಎಕರೆಗೆ, ಸಮೀಕ್ಷೆಯಲ್ಲಿ ಪೂರ್ತಿ ಬರೆದಿದ್ದರೆ, ಸುಮಾರು 27 ಸಾವಿರ. ಬೆಳೆ ವಿಮೆ ಇದಲ್ಲ, ಅದು ಬೇರೆ; ಕಂತು ಕಟ್ಟಿದ ರಸೀದಿ ಇದ್ದರೆ ಅದನ್ನೂ ವಿಚಾರಿಸಿ.

ಈ ಹಣ ಬೀಳುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ನಿಮ್ಮ ಭಾವ ಎಂದೋ ತೆರೆದು ಮರೆತ ಖಾತೆಯಲ್ಲಿ ಅದು ಕೂತಿರಲೂಬಹುದು. ಹಾಗಾಗಿ ಕಳ್ಳನನ್ನು ಹಿಡಿದ ಧಾಟಿ ಬೇಡ. ಅತ್ತೆ ಇದ್ದರೆ ಅವರ ಎದುರಿಗೇ ಫೋನು ಹಚ್ಚಿ. ‘ಭಾವಾ, ತೊಗರಿ ರೊಕ್ಕ ನಿಮ್ಮ ಖಾತೆಕ್ಕ ಬಂದದ್ರಿ. ಗೊಬ್ಬರದಂಗಡಿ ಬಾಕಿ ಕೊಡಬೇಕು, ಕಳಸ್ರಿ’ ಎನ್ನಿ. ಇಷ್ಟರಲ್ಲಿ ಮನೆ ಒಡೆಯುವುದು ಏನಿದೆ? ಲೆಕ್ಕ ಕೇಳಿದರೆ ಸಂಬಂಧ ಕೆಡುತ್ತದೆ ಎನ್ನುವವರು ಹೆಚ್ಚಾಗಿ ಲೆಕ್ಕ ಕೊಡಬೇಕಾದವರೇ ಆಗಿರುತ್ತಾರೆ.

ಈ ಸಲ ಹಣ ಕಳಿಸಿದರೂ ಮುಂದಿನ ಮಳೆಗೆ ಇದೇ ಕಥೆ. ಕೆಸರಿನಲ್ಲಿ ನಿಂತವರು ಯಾರೆಂದು ಸರ್ಕಾರಕ್ಕೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಪಹಣಿ, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ, ಆಧಾರ್. ಆದರೆ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಬ್ಬರೇ ಒಡೆಯರಾಗುವುದಿಲ್ಲ. ಮಾವ ಉಯಿಲು ಬರೆಯದೆ ಹೋಗಿದ್ದರೆ ಅತ್ತೆಗೂ ಎಲ್ಲ ಮಕ್ಕಳಿಗೂ ಪಾಲಿದೆ. ನೀವು ಪತ್ರದಲ್ಲಿ ನಾದಿನಿಯರ ಸುದ್ದಿ ಎತ್ತಿಲ್ಲ. ಇದ್ದರೆ ಅವರನ್ನೂ ಕೂರಿಸಿ ಮಾತಾಡಿ. ನಿಮಗಾದದ್ದು ಅವರಿಗೆ ಆಗಬಾರದು. ಎಲ್ಲರೂ ಒಪ್ಪಿದರೆ ಪಾಲು ಗುರುತಿಸುವ 11ಇ ನಕ್ಷೆ ಮಾಡಿಸಿ, ವಿಭಾಗಪತ್ರ ನೋಂದಾಯಿಸಿ, ನಿಮ್ಮ ಗಂಡನ ಹೆಸರಿಗೆ ಬೇರೆ ಎಫ್‌ಐಡಿ ತೆಗೆಸಿ.

ಭಾವ ಒಪ್ಪದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ನೀವೂ ಅತ್ತೆಯೂ ಹೋಗಿ. ವರಮಾನ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.