ಕ್ಯಾರವಾನ್ ಬದುಕಿನಲ್ಲಿ ನಿಧಾನವೇ ಉಳಿತಾಯ

ಜೂನ್ ಬಂತೆಂದರೆ ಮೆಲ್ಬೋರ್ನ್‌ನಲ್ಲಿ ಚಳಿ ಮೈ ಕೊರೆಯುತ್ತದೆ. ಆ ಹೊತ್ತಿಗೆ ಆಸ್ಟ್ರೇಲಿಯಾದ ದಕ್ಷಿಣ ಭಾಗದ ಎಷ್ಟೋ ನಿವೃತ್ತ ದಂಪತಿಗಳು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು, ಬಿಸಿಲು ಹುಡುಕಿ ಉತ್ತರಕ್ಕೆ ಹೊರಡುತ್ತಾರೆ. ‘ಗ್ರೇ ನೋಮ್ಯಾಡ್ಸ್’ ಎಂದೇ ಅವರು ಇಲ್ಲಿ ಹೆಸರಾದವರು. ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿಯೂ ಅವರ ಸಾಲಿಗೆ ಸೇರಿದೆವು. ಕನ್ನಡದ ಗೆಳೆಯರು ಸಿಕ್ಕಾಗಲೆಲ್ಲ ಕೇಳುತ್ತಾರೆ: ‘ಇದಕ್ಕೆಲ್ಲ ದುಡ್ಡು ಹೇಗೆ ಹೊಂದಿಸ್ತೀರಿ?’ ನಾನು ಹೇಳುವುದಿಷ್ಟು: ನಿಧಾನವಾಗಿ ಹೋಗಿ, ಖರ್ಚು ಹಿಡಿತಕ್ಕೆ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಮೆಲ್ಬೋರ್ನ್‌ನಿಂದ ಡಾರ್ವಿನ್‌ಗೆ ಸುಮಾರು 3,750 ಕಿ.ಮೀ. ಹೋಗಿ ಬರಲು 7,500. ಕ್ಯಾರವಾನ್ ಎಳೆಯುವಾಗ 100 ಕಿ.ಮೀ.ಗೆ 16 ಲೀಟರ್ ಡೀಸೆಲ್ ಎಂದುಕೊಂಡರೆ 1,200 ಲೀಟರ್ ಬೇಕು. ಲೀಟರಿಗೆ 2 ಡಾಲರ್ ಹಿಡಿದರೂ 2,400 ಡಾಲರ್. ಎರಡು ತಿಂಗಳಲ್ಲಿ ಮುಗಿಸಿದರೆ ಡೀಸೆಲ್ಲಿಗೇ ದಿನಕ್ಕೆ 40 ಡಾಲರ್. ನಾಲ್ಕು ತಿಂಗಳು ತೆಗೆದುಕೊಂಡರೆ 20. ದಾರಿ ಅದೇ, ನೋಡುವ ಊರುಗಳೂ ಅವೇ. ಒಳನಾಡಿನ ರೋಡ್‌ಹೌಸ್‌ಗಳಲ್ಲಿ ಡೀಸೆಲ್ ಇನ್ನೂ ದುಬಾರಿ. ಹಾಗಾಗಿ ದೊಡ್ಡ ಊರಿನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ನಮ್ಮ ಪದ್ಧತಿ.

ತಂಗುವ ಖರ್ಚಿಗೂ ಇದೇ ಮಾತು ಸಲ್ಲುತ್ತದೆ. ಕ್ಯಾರವಾನ್ ಪಾರ್ಕಿನಲ್ಲಿ ಒಂದೇ ರಾತ್ರಿ ನಿಂತರೆ ಪೂರ್ತಿ ಬಾಡಿಗೆ ತೆರಬೇಕು. ಒಂದು ವಾರ ಬಿಡಾರ ಹೂಡಿದರೆ ಎಷ್ಟೋ ಕಡೆ ರಿಯಾಯಿತಿ ಸಿಗುತ್ತದೆ. ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್, ಕೆಳಗೆ ನೀರಿನ ಟ್ಯಾಂಕ್ ಇದ್ದರೆ ನಡುನಡುವೆ ಹೆದ್ದಾರಿ ಪಕ್ಕದ ಉಚಿತ ತಂಗುದಾಣಗಳಲ್ಲೂ ರಾತ್ರಿ ಕಳೆಯಬಹುದು. ಸಣ್ಣ ಊರುಗಳ ಶೋಗ್ರೌಂಡ್‌ಗಳಲ್ಲಿ ಕಡಿಮೆ ದುಡ್ಡಿಗೆ ಜಾಗ ಸಿಗುತ್ತದೆ.

ಇಷ್ಟು ನಿಧಾನವಾಗಿ ಹೋದರೆ ಬೇಸರ ಬರುವುದಿಲ್ಲವೇ? ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದಲ್ಲಿ, ಕಾರ್ಪೆಂಟಾರಿಯಾ ಕೊಲ್ಲಿಯ ದಡದಲ್ಲಿರುವ ಕರುಂಬಾ ನೋಡಬೇಕು. ಮೀನು ಹಿಡಿಯುವ ಆಸೆಗೇ ಜನ ಅಲ್ಲಿ ವಾರಗಟ್ಟಲೆ ಠಿಕಾಣಿ ಹೂಡುತ್ತಾರೆ. ಪಾರ್ಕಿನ ಬಟ್ಟೆ ಒಗೆಯುವ ಕೋಣೆಯ ಕಪಾಟಿನಲ್ಲಿ ಹಳೆಯ ಪುಸ್ತಕಗಳಿರುತ್ತವೆ. ಓದಿದ್ದೊಂದು ಇಟ್ಟು ಬೇರೊಂದು ತರಬಹುದು. ಸಂಜೆಯಾದರೆ ಅವರವರ ಮಡಿಸುವ ಕುರ್ಚಿ, ಅವರವರ ಪಾನೀಯ ಹಿಡಿದು ಎಲ್ಲರೂ ಒಂದೆಡೆ ಸೇರುತ್ತಾರೆ. ನಮ್ಮ ಡಬ್ಬಿಯ ಕೋಡುಬಳೆ ಕೈಯಿಂದ ಕೈಗೆ ಹೋಗುತ್ತದೆ. ಪಕ್ಕದ ಬಿಡಾರದ ನಿವೃತ್ತ ಲಾರಿ ಚಾಲಕರು ಕೊಟ್ಟ ಬಾರಮುಂಡಿ ಮೀನಿಗೆ ನನ್ನ ಹೆಂಡತಿ ಕುಂದಾಪುರದ ಮಸಾಲೆ ಹಚ್ಚಿ ಹುರಿದಳು. ಮರುದಿನ ಬೆಳಿಗ್ಗೆ ಅವರು ನಮ್ಮ ಗಾಡಿಯ ಪಕ್ಕ ಮಂಡಿಯೂರಿ ಕೂತು, ಚಕ್ರದ ಬೇರಿಂಗ್ ಬಿಸಿಯಾಗುತ್ತಿದೆಯೇ ಎಂದು ಕೈಯಿಟ್ಟು ನೋಡುವುದನ್ನು ಕಲಿಸಿಕೊಟ್ಟರು. ಇಂಥ ಒಡನಾಟಕ್ಕೆ ಟಿಕೆಟ್ ಇಲ್ಲ.

ಆದರೂ ಹೊರಡುವ ಮುನ್ನ ಮೂರು ವಿಷಯ ಗಮನದಲ್ಲಿರಲಿ. ಒಂದು, ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ಆಂಬುಲೆನ್ಸ್ ಖರ್ಚನ್ನು ಭರಿಸುವುದಿಲ್ಲ. ನಿಮಗೆ ಬೇರೆ ರಕ್ಷಣೆ ಇದೆಯೇ, ಅದು ಬೇರೆ ರಾಜ್ಯಗಳಲ್ಲೂ ನಡೆಯುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ಎರಡು, 67 ವರ್ಷಕ್ಕೆ ಸಿಗುವ ವೃದ್ಧಾಪ್ಯ ಪಿಂಚಣಿಗೆ ಆಸ್ತಿಯ ಲೆಕ್ಕ ಕೊಡುವಾಗ ಕ್ಯಾರವಾನೂ ಸೇರುತ್ತದೆ. ಕೊಂಡ ಬೆಲೆಯನ್ನಲ್ಲ, ಇಂದು ಮಾರಿದರೆ ಬರುವ ಬೆಲೆಯನ್ನು ತೋರಿಸಬೇಕು. ವರ್ಷ ಕಳೆದಂತೆ ಆ ಬೆಲೆ ಇಳಿಯುವುದರಿಂದ ಹೊಸ ಮೌಲ್ಯವನ್ನು ತಿಳಿಸುತ್ತಿರುವುದು ಒಳ್ಳೆಯದು. ಮೂರು, ಟೈರು, ರಿಪೇರಿ ಮತ್ತು ತುರ್ತಾಗಿ ಮನೆಗೆ ಮರಳುವ ವಿಮಾನಕ್ಕೆಂದು ಬೇರೆಯೇ ಒಂದು ಗಂಟು ಇಟ್ಟಿರಿ. ಅದನ್ನು ದಿನದ ಖರ್ಚಿಗೆ ಮುಟ್ಟಬೇಡಿ.

ಕ್ಯಾರವಾನ್ ಕೊಳ್ಳುವ ಮೊದಲು ಒಂದನ್ನು ಬಾಡಿಗೆಗೆ ಪಡೆದು, ಒಂದೇ ಊರಿನಲ್ಲಿ ಎರಡು ವಾರ ಇದ್ದು ನೋಡಿ. ಇಬ್ಬರಿಗೂ ಅಲ್ಲಿ ಸಂತೋಷವಾಗಿದ್ದರೆ ಧೈರ್ಯವಾಗಿ ಕೊಳ್ಳಿ. ದಿನವೂ ಹೊಸ ಊರು ಬೇಕೆನಿಸಿದರೆ ರೈಲು ಹತ್ತಿ, ಹೋಟೆಲಿನಲ್ಲಿ ಉಳಿಯಿರಿ. ನಿಮ್ಮ ನಿವೃತ್ತಿಯ ದುಡ್ಡಿಗೆ ಅದೇ ಕ್ಷೇಮ.